ಆರು ಸಿಲಿಂಡರ್, ಎರಡೇ ಗಾಲಿ!

ಒಂದು ಪ್ರಶ್ನೆ. ಮೊಬೈಲ್ ಪಕ್ಕಕ್ಕಿಡಿ. ಯಾರನ್ನೂ ಕೇಳಬೇಡಿ. ಥಟ್ಟಂತ ಹೇಳಿ.

ನಮ್ಮ ಮೈಸೂರಿನ ಯೆಜ್ಡಿ ಗೊತ್ತಲ್ಲ? ಎಂಜಿನ್ 250 ಸಿಸಿ. ಸಿಲಿಂಡರ್ ಒಂದೇ. ಅಷ್ಟೇ ಜಾಗವನ್ನು ಹಂಚಿ ಹಂಚಿ ಎಷ್ಟು ಸಿಲಿಂಡರ್ ಮಾಡಬಹುದು?

ಎರಡು ಅಂದಿರಾ? ಮಾಡಿದ್ದಾರೆ. ನಾಲ್ಕು? ಅದೂ ಆಗಿದೆ. ಇನ್ನೂ ಮುಂದೆ ಹೋಗಿ!

ಆರು!

ಹೌದು ಸ್ವಾಮಿ, 250 ಸಿಸಿಯೊಳಗೆ ಆರು ಸಿಲಿಂಡರ್! ಒಂದೊಂದೂ ಸುಮಾರು 41 ಸಿಸಿ. ಲೂನಾ ನೆನಪಿದೆಯೇ? ಪೆಡಲ್ ತುಳಿದು ಸ್ಟಾರ್ಟ್ ಮಾಡುತ್ತಿದ್ದ ಆ ಪುಟ್ಟ ಗಾಡಿಯದ್ದೇ 50 ಸಿಸಿ. ಅದಕ್ಕಿಂತ ಚಿಕ್ಕ ಸಿಲಿಂಡರ್‌ಗಳು ಆರು! ಅವನ್ನು ಸಾಲಾಗಿ ಜೋಡಿಸಿ, ಎರಡು ಗಾಲಿ ಹಚ್ಚಿ, ರೇಸಿಗೆ ಬಿಟ್ಟರು!

ಯಾವಾಗ? 1960ರ ದಶಕದಲ್ಲಿ. ಮೈಸೂರಿನಿಂದ ಜಾವಾ ಗಾಡಿಗಳು ನಮ್ಮ ಊರುಗಳಿಗೆ ಬರತೊಡಗಿದ್ದ ಅದೇ ಕಾಲದಲ್ಲಿ!

ತಡೀರಿ, ಇದು ಬರೀ ಆರಂಭ. ಇದರ ಹಿಂದೆಯೇ ಮೂರು ಮಹಾ ಗಾಡಿಗಳು ಬಂದವು. ಒಂದು ಇಟಲಿಯದ್ದು, ಎರಡು ಜಪಾನಿನವು. ಮೂರಕ್ಕೂ ಆರಾರು ಸಿಲಿಂಡರ್. ಮೂವರೂ ಕಡುವೈರಿಗಳು. ಯಾರು ಗೆದ್ದರು? ಕೊನೆಯಲ್ಲಿ ನೀವೇ ತೀರ್ಪು ಕೊಡಿ.

ಮೊದಲು ನಮ್ಮ ದಾರಿಗೆ ಬನ್ನಿ.

ಯಾದಗಿರಿ ಬಿಟ್ಟು, ಭೀಮಾ ನದಿ ದಾಟಿ, ಶಹಾಪುರ. ಅಲ್ಲಿ ಬೆಟ್ಟಸಾಲಿನಲ್ಲೇ ಬುದ್ಧ ಮಲಗಿದ್ದಾನೆ. ಮುಂದೆ ಹೊಲ, ಕಾಲುವೆ, ಮತ್ತೆ ಹೊಲ. ಆಮೇಲೆ ಗುಡ್ಡಗಳ ನಡುವಿನ ಸುರಪುರ. ಹೆಚ್ಚುಕಡಿಮೆ 60 ಕಿ.ಮೀ.

ಇಂಥ ದಾರಿಗಳಲ್ಲಿ ನಮ್ಮ ಹಿರಿಯರ ಕಿವಿಗೆ ಬಿದ್ದ ಸದ್ದು ಯಾವುದು? ಬುಲೆಟ್‌ನ ಡುಗ್ ಡುಗ್. ಯೆಜ್ಡಿಯ ಟರ್ ಟರ್. ರಾಜದೂತ್‌ನ ಫಟ್ ಫಟ್. ಊರವರ ಬಾಯಲ್ಲಿ ಎಲ್ಲವೂ ಫಟಫಟಿಯೇ!

ಬುಲೆಟ್ 350ಕ್ಕೆ ಸಿಲಿಂಡರ್ ಎಷ್ಟು? ಒಂದು. ಯೆಜ್ಡಿ 250ಕ್ಕೆ? ಒಂದು. ರಾಜದೂತ್ 175ಕ್ಕೆ? ಅದಕ್ಕೂ ಒಂದೇ! 1980ರ ದಶಕದಲ್ಲಿ ರಾಜದೂತ್ 350 ಎರಡು ಸಿಲಿಂಡರ್ ಹೊತ್ತು ಬಂದಾಗ ದೇಶವೇ ಬೆರಗಾಗಿ ನೋಡಿತು. 347 ಸಿಸಿ, ಸುಮಾರು 30 ಅಶ್ವಶಕ್ತಿ. ನಮ್ಮ ಪಾಲಿಗೆ ಅದೇ ರಾಕ್ಷಸ!

ಹಾಗಂತ ನಮ್ಮ ಯೆಜ್ಡಿಯನ್ನು ಕಡೆಗಣಿಸಬೇಡಿ. ಹತ್ತಿರ ಹೋಗಿ, ಹಿಂದಿನಿಂದ ನೋಡಿ. ಸಿಲಿಂಡರ್ ಒಂದು, ಸೈಲೆನ್ಸರ್ ಎರಡು! ಒಂದೇ ಸಿಲಿಂಡರಿನ ಹೊಗೆ ಎಡಕ್ಕೂ ಬಲಕ್ಕೂ ಸಮನಾಗಿ ಹಂಚಿಕೆ!

ಈಗ ಎಡಗಡೆ ಬಗ್ಗಿ. ಗೇರ್ ಲಿವರ್ ಕಾಣಿಸಿತು. ಕಿಕ್ ಎಲ್ಲಿ? ಹುಡುಕಿ! ಸಿಗುವುದಿಲ್ಲ.

ಯಾಕೆಂದರೆ ಆ ಗೇರ್ ಲಿವರೇ ಕಿಕ್! ಅದನ್ನು ಎಂಜಿನ್ ಕಡೆಗೆ ಒಳಕ್ಕೆ ಒತ್ತಿ, ಹಾಗೇ ಮೇಲಕ್ಕೆ ತಿರುಗಿಸಿ. ಕಿಕ್ ರೆಡಿ! ಒಂದು ಹೊಡೆತ. ಗಾಡಿ ಚಾಲೂ. ಲಿವರ್ ಕೆಳಗಿಳಿಸಿ. ಮತ್ತೆ ಗೇರ್! ಒಂದೇ ಕಬ್ಬಿಣ, ಎರಡು ಕೆಲಸ!

ಇನ್ನೊಂದು ಪ್ರಶ್ನೆ. ಯೆಜ್ಡಿ ಎಂಜಿನ್ನಿನಲ್ಲಿ ವಾಲ್ವ್ ಎಷ್ಟು?

ಸೊನ್ನೆ! ಒಂದೂ ಇಲ್ಲ! ಅದು ಟೂ ಸ್ಟ್ರೋಕ್. ಪಿಸ್ಟನ್ ಮೇಲೆ ಕೆಳಗೆ ಆಡುತ್ತಲೇ ಸಿಲಿಂಡರ್ ಗೋಡೆಯ ಕಿಂಡಿಗಳನ್ನು ತಾನೇ ತೆರೆದು ತಾನೇ ಮುಚ್ಚುತ್ತದೆ. ಈ ಸೊನ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಈಗ ಜಪಾನಿಗೆ ಹೋಗೋಣ.

1960ರ ದಶಕ. ಹೋಂಡಾ ಮತ್ತು ಯಮಹಾ ನಡುವೆ ಜಟಾಪಟಿ. ಯಮಹಾದ್ದು ಟೂ ಸ್ಟ್ರೋಕ್, ಹೋಂಡಾದ್ದು ಫೋರ್ ಸ್ಟ್ರೋಕ್. ವ್ಯತ್ಯಾಸ ಏನು? ಟೂ ಸ್ಟ್ರೋಕ್‌ನಲ್ಲಿ ಎಂಜಿನ್ ಒಂದು ಸುತ್ತು ಸುತ್ತಿದರೆ ಪೆಟ್ರೋಲ್ ಒಮ್ಮೆ ಸಿಡಿಯುತ್ತದೆ. ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಮ್ಮೆ. ಸಿಡಿತದ ಲೆಕ್ಕದಲ್ಲಿ ಸರಿಸಮ ನಿಲ್ಲಬೇಕಾದರೆ ಹೋಂಡಾ ಎಂಜಿನ್ ಹೆಚ್ಚುಕಡಿಮೆ ಎರಡರಷ್ಟು ಜೋರಾಗಿ ಸುತ್ತಬೇಕು!

ಜೋರಾಗಿ ಸುತ್ತಬೇಕಾದರೆ ಪಿಸ್ಟನ್ ಹಗುರ ಇರಬೇಕು. ಹಗುರ ಇರಬೇಕಾದರೆ ಚಿಕ್ಕದಿರಬೇಕು. ಚಿಕ್ಕದಾದರೆ ಹೆಚ್ಚು ಬೇಕು. ಹಾಗಾದರೆ ಎಷ್ಟು? ಆರು!

ಹೀಗೆ ಹುಟ್ಟಿತು ಹೋಂಡಾ ಆರ್‌ಸಿ166. ತೂಕ 112 ಕೆ.ಜಿ. ಯೆಜ್ಡಿಗಿಂತಲೂ ಹಗುರ! ಶಕ್ತಿ? ನಮ್ಮ ಯೆಜ್ಡಿ ರೋಡ್‌ಕಿಂಗ್‌ನದ್ದು 16 ಅಶ್ವಶಕ್ತಿ. ಇದರದ್ದು 60! ಅದೇ 250 ಸಿಸಿಯಲ್ಲಿ, ಹತ್ತಿರ ಹತ್ತಿರ ನಾಲ್ಕು ಪಟ್ಟು!

ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತಿತ್ತು? ಊಹಿಸಿ. ಹತ್ತು ಸಾವಿರ? ಹನ್ನೆರಡು ಸಾವಿರ?

18,000!

ಲೆಕ್ಕ ಹಾಕಿ. ಸೆಕೆಂಡಿಗೆ 300 ಸುತ್ತು. ಪ್ರತಿ ಸುತ್ತಿಗೆ ಮೂರು ಸಿಡಿತ. ಅಂದರೆ ಸೆಕೆಂಡಿಗೆ 900 ಸಿಡಿತ! ನೀವು ಒಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ನೂರು ಸಿಡಿತ ಬಹುತೇಕ ಮುಗಿದಿರುತ್ತದೆ! ಅದು ಡುಗ್ ಡುಗ್ ಅಲ್ಲ, ಫಟ್ ಫಟ್ ಅಲ್ಲ. ಕಿವಿ ಸೀಳುವ ಕೂಗು!

ಮೈಕ್ ಹೈಲ್‌ವುಡ್ ಎಂಬ ಇಂಗ್ಲಿಷ್ ಸವಾರ ಅದರ ಮೇಲೆ ಕುಳಿತ. 1966ರಲ್ಲಿ ಹತ್ತು ಗ್ರ್ಯಾಂಡ್ ಪ್ರಿ ಗೆಲುವು! 250 ಸಿಸಿ ವಿಶ್ವ ಚಾಂಪಿಯನ್! 1967ರಲ್ಲಿ ಮತ್ತೆ ಚಾಂಪಿಯನ್!

ಆಮೇಲೆ ಏನಾಯಿತು ಗೊತ್ತೇ? ನಿಯಮವೇ ಬದಲಾಯಿತು! 1970ರಿಂದ 250 ಸಿಸಿ ರೇಸಿನಲ್ಲಿ ಎರಡಕ್ಕಿಂತ ಹೆಚ್ಚು ಸಿಲಿಂಡರ್ ಇರುವಂತಿಲ್ಲ. ಆರು ಸಿಲಿಂಡರಿಗೆ ರೇಸಿನ ಬಾಗಿಲು ಮುಚ್ಚಿತು.

ಸರಿ, ರೇಸಿಗೆ ಬೇಡವಾದರೆ ಬೇಡ. ರಸ್ತೆಗಿಳಿಸಿದರೆ?

ಇಲ್ಲೇ ಅಸಲಿ ತೊಡಕು ಎದುರಾಯಿತು. ರಸ್ತೆ ಗಾಡಿಯ ಎಂಜಿನ್ ದೊಡ್ಡದು. ದೊಡ್ಡ ಸಿಲಿಂಡರ್ ಆರನ್ನು ಅಡ್ಡಡ್ಡ ಸಾಲಾಗಿ ಇಟ್ಟರೆ ಅಗಲ ಎಷ್ಟಾದೀತು? ಸವಾರನ ಎರಡು ಮೊಣಕಾಲಿನ ನಡುವೆ ಅದು ಕೂಡುವುದಾದರೂ ಹೇಗೆ? ತಿರುವಿನಲ್ಲಿ ವಾಲಿಸಿದರೆ ಎಂಜಿನ್ ನೆಲಕ್ಕೆ ಉಜ್ಜುವುದಿಲ್ಲವೇ?

ಈ ಒಂದು ಪ್ರಶ್ನೆಗೆ ಮೂರು ಕಂಪನಿಗಳು ಮೂರು ಉತ್ತರ ಹುಡುಕಿದವು.

ಮೊದಲಿಗರು ಯಾರು? ಜಪಾನಿನವರು ಅಂದಿರಾ? ತಪ್ಪು!

ಇಟಲಿಯ ಬೆನೆಲ್ಲಿ! ಪೆಸಾರೊ ಎಂಬ ಕಡಲತಡಿಯ ಊರಿನದು. 1911ರಲ್ಲಿ ತೆರೇಸಾ ಬೆನೆಲ್ಲಿ ಎಂಬ ವಿಧವೆ ತಾಯಿ ಮನೆಯ ಹಣವನ್ನೆಲ್ಲ ಹಾಕಿ ಒಂದು ಗ್ಯಾರೇಜ್ ತೆರೆದಳು. ಯಾಕೆ? ಮಕ್ಕಳಿಗೆ ಒಂದು ದುಡಿಮೆ ಇರಲಿ ಅಂತ.

ಎಷ್ಟು ಮಕ್ಕಳು? ಹೇಳಿ ನೋಡೋಣ!

ಆರು! ಆರೂ ಗಂಡುಮಕ್ಕಳು!

ಅದೇ ಮನೆತನದ ಹೆಸರು ಹೊತ್ತ ಕಂಪನಿ ಅರವತ್ತು ವರ್ಷ ಕಳೆದ ಮೇಲೆ ಜಗತ್ತಿಗೆ ಮಾರಾಟದ ಮೊದಲ ಆರು ಸಿಲಿಂಡರ್ ಮೋಟಾರ್‌ಸೈಕಲ್ ಕೊಟ್ಟಿತು. ಬೆನೆಲ್ಲಿ 750 ಸೆಯಿ! 1972ರಲ್ಲಿ ಜನರ ಮುಂದೆ ತಂದು ನಿಲ್ಲಿಸಿದರು. ಹಿಂದಿನಿಂದ ನೋಡಿದವರಿಗೆ ಕಣ್ಣು ಕುಕ್ಕಿತು. ಎಡಕ್ಕೆ ಮೂರು ಸೈಲೆನ್ಸರ್, ಬಲಕ್ಕೆ ಮೂರು. ಒಟ್ಟು ಆರು, ಫಳಫಳ ಹೊಳೆಯುವಂಥವು!

ಆಗ ಕಂಪನಿಯ ಒಡೆಯ ಅಲೆಹಾಂಡ್ರೊ ಡಿ ತೊಮಾಸೊ. ಅರ್ಜೆಂಟೀನಾದಲ್ಲಿ ಹುಟ್ಟಿದವನು, ಸ್ಪೋರ್ಟ್ಸ್ ಕಾರು ಮಾಡುತ್ತಿದ್ದವನು. ಅವನ ಎಂಜಿನ್ನಿನ ಒಳಗುಟ್ಟು ಕೇಳಿ. ಹೋಂಡಾದ ನಾಲ್ಕು ಸಿಲಿಂಡರಿನ ಸಿಬಿ500 ಇತ್ತಲ್ಲ? ಅದರ ಸಿಲಿಂಡರ್ ಅಳತೆ 56 ಮಿ.ಮೀ. ಅಗಲ, 50.6 ಮಿ.ಮೀ. ಪಿಸ್ಟನ್ ಓಟ. ಬೆನೆಲ್ಲಿಯದ್ದು? 56 ಮತ್ತು 50.6! ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಎದುರಾಳಿಯ ನಾಲ್ಕಕ್ಕೆ ಇನ್ನೆರಡು ಕೂಡಿಸಿ ಎದುರಾಳಿಯನ್ನೇ ಹಿಂದೆ ಹಾಕಿದ ಭೂಪ!

ಅಗಲದ ತೊಡಕಿಗೆ ಅವನ ಉತ್ತರವೂ ಜಾಣತನದ್ದೇ. ಕರೆಂಟ್ ತಯಾರಿಸುವ ಆಲ್ಟರ್ನೇಟರ್ ಸಾಮಾನ್ಯವಾಗಿ ಎಂಜಿನ್ನಿನ ತುದಿಗೆ ಇರುತ್ತದೆ. ಅದನ್ನು ಕಿತ್ತು ಸಿಲಿಂಡರ್‌ಗಳ ಹಿಂದೆ ಕೂರಿಸಿದ. ಅಷ್ಟು ಅಗಲ ಉಳಿಯಿತು!

ಹೋಂಡಾ ಸುಮ್ಮನಿದ್ದೀತೇ?

1978. ಹೋಂಡಾ ಸಿಬಿಎಕ್ಸ್! 1047 ಸಿಸಿ. 105 ಅಶ್ವಶಕ್ತಿ. ಆರು ಕಾರ್ಬೊರೇಟರ್. ಮತ್ತೆ ವಾಲ್ವ್? ಯೆಜ್ಡಿಯ ಸೊನ್ನೆ ನೆನಪಿದೆಯಲ್ಲ?

ಇದರಲ್ಲಿ 24!

ಇದನ್ನು ರೂಪಿಸಿದವನು ಯಾರು? ಶೋಯಿಚಿರೊ ಇರಿಮಾಜಿರಿ. ವಯಸ್ಸು ಮೂವತ್ತು ದಾಟುವ ಮೊದಲೇ ರೇಸಿನ ಆ ಆರು ಸಿಲಿಂಡರ್ ಎಂಜಿನ್ ಮೇಲೆ ಕೆಲಸ ಮಾಡಿದ ಅದೇ ಎಂಜಿನಿಯರ್! ಹತ್ತು ವರ್ಷ ಎದೆಯಲ್ಲಿಟ್ಟುಕೊಂಡಿದ್ದ ಆ ಕೂಗನ್ನು ರಸ್ತೆಗೆ ತಂದ!

ಅವನ ಉತ್ತರ ನೋಡಿ. ಆಲ್ಟರ್ನೇಟರ್ ಅವನೂ ಹಿಂದಕ್ಕೆ ಸರಿಸಿದ. ಅಷ್ಟಕ್ಕೇ ನಿಲ್ಲಲಿಲ್ಲ. ಇಡೀ ಸಿಲಿಂಡರ್ ಸಾಲನ್ನು 33 ಡಿಗ್ರಿ ಮುಂದಕ್ಕೆ ಬಾಗಿಸಿದ. ಹಿಂದೆ ಜಾಗ ತೆರೆಯಿತು. ಅಲ್ಲಿ ಕಾರ್ಬೊರೇಟರ್‌ಗಳು, ಅದರಾಚೆ ಸವಾರನ ಮೊಣಕಾಲು. ಮೇಲೆ ಅಗಲ, ಕೆಳಗೆ ಸಪೂರ. ತಿರುವಿನಲ್ಲಿ ಧಾರಾಳವಾಗಿ ವಾಲಿಸಬಹುದು!

ಈಗ ಸಿಬಿಎಕ್ಸ್‌ನ ಮುಂದೆ ಬಂದು ನಿಲ್ಲಿ. ಏನೋ ಕಡಿಮೆ ಅನ್ನಿಸುತ್ತದೆಯೇ? ಬುಲೆಟ್‌ನಲ್ಲಿ ಎಂಜಿನ್ ಮುಂದೆ ಚಾಸಿಯ ಒಂದು ಪೈಪ್ ಇಳಿದಿರುತ್ತದೆ. ಇಲ್ಲಿ ಅದೇ ಇಲ್ಲ! ಎಂಜಿನ್ ಮೇಲಿನಿಂದ ತೂಗುತ್ತದೆ. ಹೀಗಾಗಿ ಆರು ಸೈಲೆನ್ಸರ್ ಪೈಪ್‌ಗಳು ಒಂದರ ಪಕ್ಕ ಒಂದು, ಯಾವ ಅಡ್ಡಿಯೂ ಇಲ್ಲದೆ ಇಳಿದು ಬಳುಕಿ ಹಿಂದಕ್ಕೆ ಹೋಗುತ್ತವೆ. ಕಣ್ಣು ಕೀಳಲಾಗುವುದಿಲ್ಲ!

ಇರಿಮಾಜಿರಿ ಮುಂದೆ ಏನಾದ? ಇದನ್ನು ನೀವು ಊಹಿಸಲಾರಿರಿ. 1998ರಲ್ಲಿ ವಿಡಿಯೊ ಗೇಮ್ ಕಂಪನಿ ಸೆಗಾದ ಅಧ್ಯಕ್ಷ!

ಮೂರನೆಯವನು ಬಾಗಿಲಲ್ಲೇ ಕಾಯುತ್ತಿದ್ದ. ಹೋಂಡಾ 1047 ಸಿಸಿ ಅಂದರೆ ಕವಾಸಾಕಿ ಏನೆಂದಿತು?

1286 ಸಿಸಿ!

ಕವಾಸಾಕಿ ಝಡ್1300. 1978ರಲ್ಲಿ ಜರ್ಮನಿಯ ಕಲೋನ್ ಪ್ರದರ್ಶನದಲ್ಲಿ ಮೊದಲ ದರ್ಶನ. 120 ಅಶ್ವಶಕ್ತಿ! ಎಂಜಿನ್ ತಂಪಾಗಿಸಲು ಕಾರಿನ ಹಾಗೆ ನೀರು, ರೇಡಿಯೇಟರ್. ಚೈನ್ ಇಲ್ಲ, ಶಾಫ್ಟ್! ಪೆಟ್ರೋಲ್ ಟ್ಯಾಂಕ್ 27 ಲೀಟರ್!

ಐದು ವರ್ಷದ ಮೇಲೆ ನಮ್ಮ ದೇಶಕ್ಕೆ ಮಾರುತಿ 800 ಬಂತಲ್ಲ? ಅದು 796 ಸಿಸಿ, ಮೂರು ಸಿಲಿಂಡರ್. ಇಡೀ ಮನೆಮಂದಿ ಕೂಡುವ ಕಾರಿಗೆ ಮೂರು, ಇಬ್ಬರು ಕೂಡುವ ಗಾಡಿಗೆ ಆರು! ಅಂಬಾಸಿಡರ್‌ಗೂ ನಾಲ್ಕೇ!

ಕವಾಸಾಕಿಯ ಉತ್ತರ? ಸಿಲಿಂಡರ್‌ಗಳನ್ನೇ ಸಪೂರ ಮಾಡು, ಉದ್ದ ಮಾಡು! ಸಿಬಿಎಕ್ಸ್ ಸಿಲಿಂಡರಿನ ಅಗಲ 64.5 ಮಿ.ಮೀ. ಅದಕ್ಕಿಂತ ದೊಡ್ಡ ಎಂಜಿನ್ನಿನ ಝಡ್1300ದ್ದು? ಬರೀ 62! ಕಡಿಮೆಯಾದ ಅಗಲವನ್ನು ಪಿಸ್ಟನ್ನಿನ ಓಟದಲ್ಲಿ ತುಂಬಿಕೊಂಡರು, 71 ಮಿ.ಮೀ. ದೊಡ್ಡ ಎಂಜಿನ್, ಸಪೂರ ಸಿಲಿಂಡರ್!

ಎಲ್ಲ ಸರಿ. ತೂಕ? ಎಣ್ಣೆ ನೀರು ತುಂಬುವ ಮುನ್ನವೇ ಮೂರು ಕ್ವಿಂಟಲ್ ತೊಗರಿಯಷ್ಟು! ಸುರಪುರದ ಯಾವುದಾದರೂ ಏರಿನಲ್ಲಿ ನಿಲ್ಲಿಸಿದ್ದೀರಿ ಅನ್ನಿ. ಹಿಂದಕ್ಕೆ ತಳ್ಳಿ ತಿರುಗಿಸುವುದು ಯಾರು? ನಾಲ್ಕು ಮಂದಿಯನ್ನು ಕೂಗಬೇಕು!

ಪಶ್ಚಿಮ ಜರ್ಮನಿಯಲ್ಲಿ ಇಂಥ ಶಕ್ತಿ ಕಂಡು ಗಾಬರಿಯೇ ಆಯಿತು. ಅಲ್ಲಿ ಗಾಡಿ ಮಾರುವ ಕಂಪನಿಗಳು ತಮಗೆ ತಾವೇ 100 ಅಶ್ವಶಕ್ತಿಯ ಮಿತಿ ಹಾಕಿಕೊಂಡವು!

ಇಷ್ಟೆಲ್ಲ ಹರಸಾಹಸ ಯಾಕೆ? ಆರರಲ್ಲಿ ಅಂಥದ್ದೇನಿದೆ?

ನಡುಕ ಇಲ್ಲ! ಅದೇ ಮಾಯೆ. ಒಂದನೆಯ ಪಿಸ್ಟನ್ ಜೊತೆ ಆರನೆಯದು, ಎರಡರ ಜೊತೆ ಐದು, ಮೂರರ ಜೊತೆ ನಾಲ್ಕು. ಹೀಗೆ ಜೋಡಿ ಜೋಡಿಯಾಗಿ ಏರಿಳಿಯುತ್ತವೆ. ಒಂದು ಜೋಡಿ ಎಂಜಿನ್ನನ್ನು ಅಲ್ಲಾಡಿಸಲು ಹೋದರೆ ಉಳಿದೆರಡು ಜೋಡಿ ಅದನ್ನು ಸರಿದೂಗಿಸುತ್ತವೆ. ಅದುರು ಅದುರಿಗೇ ವಜಾ!

ನಂಬಿಕೆ ಬರಲಿಲ್ಲವೇ? ಯಾದಗಿರಿಯಿಂದ ಸುರಪುರಕ್ಕೆ ಹೋಗೋಣ. ಒಂದು ಗಂಟೆಯ ಸವಾರಿ ಅನ್ನಿ. ಎಲ್ಲ ಗಾಡಿಯೂ ನಿಮಿಷಕ್ಕೆ 4,000 ಸುತ್ತು ಸುತ್ತುತ್ತಿದೆ ಅಂತ ಇಟ್ಟುಕೊಳ್ಳಿ. ದಾರಿಯುದ್ದಕ್ಕೂ ಎಷ್ಟು ಸಿಡಿತ?

ಬುಲೆಟ್: 1,20,000.

ಯೆಜ್ಡಿ: ಟೂ ಸ್ಟ್ರೋಕ್ ಆದ್ದರಿಂದ ಎರಡರಷ್ಟು. 2,40,000.

ಆರು ಸಿಲಿಂಡರ್: 7,20,000!

ಬುಲೆಟ್ ಒಮ್ಮೆ ಡುಗ್ ಅನ್ನುವಷ್ಟರಲ್ಲಿ ಸಿಬಿಎಕ್ಸ್ ಆರು ಸಲ ಅಂದಾಗಿರುತ್ತದೆ! ಸಿಡಿತಗಳ ನಡುವೆ ಬಿಡುವೇ ಇಲ್ಲ. ಅದಕ್ಕೇ ಬಿಡಿ ಬಿಡಿ ಸದ್ದು ಕೇಳಿಸುವುದಿಲ್ಲ, ಒಂದೇ ಎಳೆಯ ರಾಗ ಕೇಳಿಸುತ್ತದೆ!

ಈಗ ಗಾಡಿಗಳನ್ನು ಮಿಸ್ತ್ರಿಯ ಮುಂದೆ ನಿಲ್ಲಿಸೋಣ. ಶಹಾಪುರದ ಬಸ್‌ಸ್ಟ್ಯಾಂಡ್ ಪಕ್ಕದ ಯಾವುದೋ ಒಂದು ಗ್ಯಾರೇಜ್ ಅಂತಲೇ ಭಾವಿಸಿ.

ಯೆಜ್ಡಿ: ಪ್ಲಗ್ ಒಂದು, ಕಾರ್ಬೊರೇಟರ್ ಒಂದು, ವಾಲ್ವ್ ಸೊನ್ನೆ. ಚಹಾ ಬರುವಷ್ಟರಲ್ಲಿ ಪ್ಲಗ್ ಬಿಚ್ಚಿ, ಉಜ್ಜಿ, ಹಾಕಿಬಿಡುತ್ತಾನೆ.

ಬೆನೆಲ್ಲಿ: ಪ್ಲಗ್ ಆರು, ಕಾರ್ಬೊರೇಟರ್ ಮೂರು, ವಾಲ್ವ್ 12. ಮಿಸ್ತ್ರಿ ತಲೆ ಕೆರೆದುಕೊಳ್ಳುತ್ತಾನೆ.

ಕವಾಸಾಕಿ: ಪ್ಲಗ್ ಆರು, ಜೋಡಿ ಬಾಯಿಯ ಕಾರ್ಬೊರೇಟರ್ ಮೂರು, ವಾಲ್ವ್ 12, ಮೇಲೆ ರೇಡಿಯೇಟರ್ ಬೇರೆ. ಮಿಸ್ತ್ರಿ ಮೇಲೆದ್ದು ನಿಲ್ಲುತ್ತಾನೆ.

ಸಿಬಿಎಕ್ಸ್: ಪ್ಲಗ್ ಆರು, ಕಾರ್ಬೊರೇಟರ್ ಆರು, ವಾಲ್ವ್ 24. ಆರೂ ಕಾರ್ಬೊರೇಟರ್ ಒಂದೇ ಉಸಿರು ಎಳೆಯುವ ಹಾಗೆ ಹೊಂದಿಸಬೇಕು. ಇಪ್ಪತ್ನಾಲ್ಕೂ ವಾಲ್ವ್‌ಗಳ ಸಂದು ಅಳೆಯಬೇಕು. ಮಿಸ್ತ್ರಿ ಕೈಮುಗಿಯುತ್ತಾನೆ!

ಇವುಗಳ ಆಯುಸ್ಸಿಗೆ ಕುತ್ತು ಬಂದದ್ದೂ ಹೀಗೆಯೇ. ತೂಕ ಹೆಚ್ಚು, ಬೆಲೆ ಹೆಚ್ಚು, ಆರೈಕೆ ಹೆಚ್ಚು. ಅಷ್ಟರಲ್ಲಿ ನಾಲ್ಕು ಸಿಲಿಂಡರಿನ ಹಗುರ ಗಾಡಿಗಳು ಅದೇ ವೇಗ ಮುಟ್ಟತೊಡಗಿದವು. ಸಿಬಿಎಕ್ಸ್ 1982ಕ್ಕೆ ನಿಂತಿತು. ಬೆನೆಲ್ಲಿ 906 ಸಿಸಿಗೆ ಬೆಳೆದು 1980ರ ದಶಕದಲ್ಲಿ ಮರೆಯಾಯಿತು. ಝಡ್1300 ಒಂದೇ ಗಟ್ಟಿಪಿಂಡ. 1989ರವರೆಗೆ ಉಳಿಯಿತು!

ಆರು ಸಿಲಿಂಡರ್ ಸತ್ತಿತೇ? ಖಂಡಿತ ಇಲ್ಲ!

ಹೋಂಡಾ ಮತ್ತೆ ಅದೇ ಅಗಲದ ಪ್ರಶ್ನೆಗೆ ಮರಳಿತು. ಈ ಸಲ ಉತ್ತರವೇ ಬೇರೆ. ಸಿಲಿಂಡರ್‌ಗಳನ್ನು ಮಲಗಿಸಿಬಿಟ್ಟರು! ಮೂರು ಎಡಕ್ಕೆ, ಮೂರು ಬಲಕ್ಕೆ. ಅದೇ ಗೋಲ್ಡ್ ವಿಂಗ್, 1988ರಿಂದ ಆರು ಸಿಲಿಂಡರ್. ಇಂದಿನದು 1833 ಸಿಸಿ! 2011ರಲ್ಲಿ ಬಿಎಂಡಬ್ಲ್ಯು ಮತ್ತೆ ಅಡ್ಡಸಾಲಿನ ಆರನ್ನೇ ತಂದಿತು. 1649 ಸಿಸಿ, 160 ಅಶ್ವಶಕ್ತಿ! ಈ ಎರಡೂ ಭಾರತಕ್ಕೂ ಬಂದಿವೆ. ಹೆದ್ದಾರಿಯಲ್ಲಿ ಎಂದಾದರೂ ಸದ್ದಿಲ್ಲದ ಹಾಗೆ ಒಂದು ಆನೆಗಾತ್ರದ ಬೈಕ್ ನಿಮ್ಮನ್ನು ದಾಟಿ ಹೋದರೆ, ಸಿಲಿಂಡರ್ ಎಣಿಸಿ!

ಹಾಗಾದರೆ ತೀರ್ಪು?

ಧೈರ್ಯಕ್ಕೆ ಬೆನೆಲ್ಲಿ. ಯಾರೂ ಕೈಹಾಕದಿದ್ದಾಗ ಕೈಹಾಕಿದ್ದು ಅದು. ತಾಕತ್ತಿಗೂ ಬಾಳಿಕೆಗೂ ಕವಾಸಾಕಿ. ಆದರೆ ಒಂದೇ ಗಾಡಿ ಆರಿಸಿಕೋ ಅಂದರೆ? ನನ್ನ ಮತ ಸಿಬಿಎಕ್ಸ್‌ಗೆ! ರೇಸಿನಿಂದ ಹೊರಗೆ ಹಾಕಿಸಿಕೊಂಡ ಎಂಜಿನ್ನನ್ನು, ಅದರ ಮೇಲೆ ದುಡಿದ ಅದೇ ಕೈ ನಮ್ಮಂಥವರೂ ಓಡಿಸುವ ಹಾಗೆ ಮಾಡಿಕೊಟ್ಟಿತಲ್ಲ, ಆ ಹಟಕ್ಕೆ!

ಯಾದಗಿರಿ–ಶಹಾಪುರ–ಸುರಪುರದ ದಾರಿಗೆ ಮಾತ್ರ ಬೇರೆ ತೀರ್ಪು. ಅಲ್ಲಿ ಗೆಲ್ಲುವುದು ಸೊನ್ನೆ ವಾಲ್ವ್‌ನ ನಮ್ಮ ಯೆಜ್ಡಿಯೇ! ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿ ಹುಟ್ಟಿದ ಗಾಡಿಗಳು ಇವತ್ತಿಗೂ ಕಿಕ್ಕಿಗೆ ಓಗೊಡುತ್ತಿವೆ.

ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ. ಬೆಂಗಳೂರು, ಮೈಸೂರಿನಲ್ಲಿ ಹಳೆಯ ಗಾಡಿಗಳು ಸಾಲುಗಟ್ಟಿ ಹೊರಡುತ್ತವೆ. ನಿಮ್ಮ ಹಿತ್ತಲಲ್ಲಿ, ಹೊಲದ ಶೆಡ್ಡಿನಲ್ಲಿ, ಅಜ್ಜನ ಮನೆಯ ಪಡಸಾಲೆಯಲ್ಲಿ ಧೂಳು ಹಿಡಿದ ಯೆಜ್ಡಿಯೊಂದು ನಿಂತಿದೆಯೇ? ಗುಜರಿಗೆ ಹಾಕಬೇಡಿ! ಮಿಸ್ತ್ರಿಯನ್ನು ಕರೆಸಿ, ಪೆಟ್ರೋಲಿಗೆ ಆಯಿಲ್ ಬೆರೆಸಿ, ಈ ಜುಲೈಗೆ ನೀವೂ ರಸ್ತೆಗಿಳಿಸಿ!